ನಂಬಿಕೆಯಲ್ಲಿ ಉಳಿಯುವುದು ಹೇಗೆ: ಬೆಂಗಳೂರಿನಲ್ಲಿ ವರ್ಷಗಟ್ಟಲೆ ನಡೆಯಬೇಕಾದವರಿಗೆ

ನಾನು ಕನ್ಫರ್ಮೇಷನ್ (ಚಿಕ್ಕಂದಿನ ನಂಬಿಕೆಯನ್ನು ಸ್ವಂತ ಬಾಯಿಂದ ದೃಢಪಡಿಸುವ ಚರ್ಚಿನ ವಿಧಿ) ತೆಗೆದುಕೊಂಡ ವರ್ಷ ನಮ್ಮ ತರಗತಿಯಲ್ಲಿ ಹದಿನಾಲ್ಕು ಜನ ಇದ್ದೆವು. ಹುಡುಗಿಯರಿಗೆ ಬಿಳಿ ಸೀರೆ, ಹುಡುಗರಿಗೆ ಬಿಳಿ ಷರ್ಟು. ಬಿಷಪ್ಪರು ತಲೆ ಮೇಲೆ ಕೈ ಇಟ್ಟಾಗ ಎಲ್ಲರ ಕಣ್ಣಲ್ಲೂ ನೀರು. ಈಗ ನನಗೆ ಐವತ್ತು ದಾಟಿದೆ. ಆ ಹದಿನಾಲ್ಕು ಜನರಲ್ಲಿ ಇವತ್ತಿಗೂ ಯಾವುದಾದರೂ ಒಂದು ಚರ್ಚಿನ ಸಭೆಗೆ ಹೋಗುತ್ತಿರುವವರು ನನಗೆ ಗೊತ್ತಿರುವ ಹಾಗೆ ಐದೇ ಮಂದಿ.

ಉಳಿದವರಲ್ಲಿ ಯಾರೂ ದೇವರಿಲ್ಲ ಅಂತ ಹೇಳಿ ಎದ್ದು ಹೋದವರಲ್ಲ. ಒಬ್ಬನಿಗೆ ಭಾನುವಾರ ಶಿಫ್ಟ್ ಬಂತು. ಒಬ್ಬಳು ಮದುವೆಯಾಗಿ ವೈಟ್‌ಫೀಲ್ಡ್ ಕಡೆ ಹೋದಳು, ಹತ್ತಿರದ ಚರ್ಚು ಹುಡುಕುವ ಕೆಲಸ ಮುಂದಿನ ತಿಂಗಳು, ಮುಂದಿನ ತಿಂಗಳು ಅಂತ ಉಳಿದೇ ಹೋಯಿತು. ಇನ್ನೊಬ್ಬನಿಗೆ ಯಾರೋ ಏನೋ ಅಂದರು, ಅವನು ಬೇಜಾರಾಗಿ ಮನೆಯಲ್ಲೇ ಕೂತ. ಎರಡು ವಾರ ಆಯಿತು, ಎರಡು ವರ್ಷ ಆಯಿತು. ನಂಬಿಕೆ ಒಡೆದು ಬಿದ್ದಿದ್ದಲ್ಲ. ಕೈಯಿಂದ ಮೆಲ್ಲಗೆ ಜಾರಿಹೋಗಿದ್ದು.

ಹಾಗಾಗಿ ನಾನು ಇಲ್ಲಿ ಬರೆಯುವುದೂ ಸಣ್ಣ ಸಣ್ಣ ಕೆಲಸಗಳನ್ನೇ. ದೊಡ್ಡ ಕೂಟಕ್ಕೆ ಹೋಗಿ ಬಂದ ರಾತ್ರಿಯ ಉತ್ಸಾಹ ಒಳ್ಳೆಯದೇ. ಆದರೆ ಅದು ಮಂಗಳವಾರದವರೆಗೂ ಬರುವುದು ಕಷ್ಟ. ಇಪ್ಪತ್ತು, ಮೂವತ್ತು ವರ್ಷ ನಿಮ್ಮನ್ನು ಹಿಡಿದಿಡುವುದು ಎರಡೇ: ಅತಿ ಕೆಟ್ಟ ದಿನದಲ್ಲೂ ಮಾಡಬಹುದಾದಷ್ಟು ಚಿಕ್ಕ ಅಭ್ಯಾಸ, ಮತ್ತು ನಿಮ್ಮ ಕೈ ಸೋತಾಗ ಹಿಡಿಯುವ ಇನ್ನೊಬ್ಬರ ಕೈ. ನಾನು ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರೊಟೆಸ್ಟೆಂಟ್ ಸಭೆಯವಳು, ನನ್ನ ಮಾತೂ ಆ ಕಡೆಯದೇ. ಕಥೋಲಿಕ ಓದುಗರು ಆರಾಧನೆ ಅಂದಲ್ಲಿ ಪೂಜೆ ಅಂತ ಓದಿಕೊಳ್ಳಿ, ಬಹುಪಾಲು ಹೊಂದುತ್ತದೆ.

ಮೊದಲು ಗೋಡೆಯ ಕ್ಯಾಲೆಂಡರ್ ಇಳಿಸಿ

ಹಿಂದಿನ ಎಂಟು ಭಾನುವಾರ ಎಲ್ಲಿದ್ದಿರಿ ಅಂತ ಪೆನ್ನಲ್ಲಿ ಬರೆಯಿರಿ. ಚರ್ಚು, ಮನೆ, ಊರು, ಆಫೀಸು, ಮದುವೆ, ಇಷ್ಟೇ. ನಿಮ್ಮನ್ನು ನೀವೇ ಬೈದುಕೊಳ್ಳಲು ಬರೆಯುವುದಲ್ಲ ಇದು. ಎಂಟನ್ನೂ ಒಟ್ಟಿಗೆ ನೋಡಿದಾಗ ಒಂದು ಕಾರಣ ಮತ್ತೆ ಮತ್ತೆ ಕಾಣುತ್ತದೆ.

ನನ್ನ ಗೆಳತಿಯೊಬ್ಬಳು ಹೀಗೆ ಬರೆದು ನೋಡಿದಾಗ ಐದು ಭಾನುವಾರ ತಪ್ಪಿತ್ತು. ಐದಕ್ಕೂ ಕಾರಣ ಶನಿವಾರ ರಾತ್ರಿ ಒಂದು ಗಂಟೆವರೆಗೆ ಎದ್ದಿದ್ದು. ತನಗೆ ದೇವರ ಮೇಲೆ ಪ್ರೀತಿ ಕಮ್ಮಿಯಾಗಿದೆ ಅಂತ ಅವಳು ಒಂದು ವರ್ಷದಿಂದ ಅಳುತ್ತಿದ್ದಳು. ಕಮ್ಮಿಯಾಗಿದ್ದು ನಿದ್ದೆ. ಶನಿವಾರ ಹತ್ತೂವರೆಗೆ ಮೊಬೈಲ್ ಅಡುಗೆಮನೆಯಲ್ಲಿ ಇಟ್ಟು ಮಲಗಲು ಶುರು ಮಾಡಿದಳು, ಅಷ್ಟೇ. ನಿಮ್ಮ ಕಾರಣ ಬೇರೆ ಇರಬಹುದು. ಅದು ಯಾವುದು ಅಂತ ತಿಳಿಯದೆ ಔಷಧಿ ಹುಡುಕಬೇಡಿ.

ದಿನಕ್ಕೆ ಹದಿನೈದು ನಿಮಿಷ, ಒಂದೇ ಜಾಗ

ದಾನಿಯೇಲನ ಸಿಂಹದ ಗವಿಯ ಕಥೆ ನಮಗೆಲ್ಲ ಸಂಡೇ ಸ್ಕೂಲಿನಿಂದ ಗೊತ್ತು. ಸತ್ಯವೇದದ, ಅಂದರೆ ಬೈಬಲಿನ, ದಾನಿಯೇಲನ ಪುಸ್ತಕದ ಆ ಆರನೇ ಅಧ್ಯಾಯದಲ್ಲಿ ನನಗೆ ತುಂಬಾ ಇಷ್ಟವಾದ ಮಾತು ಸಿಂಹದ್ದಲ್ಲ. ಪ್ರಾರ್ಥನೆ ಮಾಡಬಾರದು ಅಂತ ರಾಜನ ಆಜ್ಞೆ ಬಂದ ದಿನ ದಾನಿಯೇಲ ಮನೆಗೆ ಹೋಗಿ, ಯೆರೂಸಲೇಮಿನ ಕಡೆಯ ಕಿಟಕಿ ತೆರೆದಿದ್ದ ಕೋಣೆಯಲ್ಲಿ, ದಿನಕ್ಕೆ ಮೂರು ಸಲ ಮೊಣಕಾಲೂರಿದ. ಮೊದಲಿಂದ ಮಾಡುತ್ತಿದ್ದ ಹಾಗೆಯೇ ಮಾಡಿದ, ಅಂತ ಅಲ್ಲಿದೆ. ಕಷ್ಟ ಬಂದ ಮೇಲೆ ಹುಟ್ಟಿದ ಅಭ್ಯಾಸವಲ್ಲ ಅದು. ಅಭ್ಯಾಸ ಮುಂಚೆಯೇ ಇತ್ತು, ಕಷ್ಟ ಬಂದಾಗ ಅದು ಅವನನ್ನು ಹಿಡಿದುಕೊಂಡಿತು.

ನಿಮಗೂ ಒಂದು ಕಿಟಕಿ ಬೇಕು. ಮನೆಯಲ್ಲಿ ಒಂದು ಕುರ್ಚಿ, ಒಂದು ಹೊತ್ತು. ಪಿಜಿಯಲ್ಲಿ ಇರುವವರಿಗೆ ಟೆರೇಸಿನ ಮೂಲೆಯಾದರೂ ಆಯಿತು. ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡ್‌ಗೆ ನೇರಳೆ ಮೆಟ್ರೋ ಹಿಡಿಯುವವರಿಗೆ ಮುಕ್ಕಾಲು ಗಂಟೆ ಹತ್ತಿರ ಸಿಗುತ್ತದೆ. ಸೀಟು ಸಿಗದಿದ್ದರೂ ಕನ್ನಡ ಸತ್ಯವೇದದ ಆಡಿಯೋ ಕೇಳಬಹುದು. ಸ್ಕೂಟರ್, ಬೈಕ್ ಓಡಿಸುವವರು ಮಾತ್ರ ಇಯರ್‌ಫೋನ್ ಹಾಕಬೇಡಿ. ಮನೆ ಬಿಡುವ ಮುಂಚೆ ಒಂದು ವಚನ ಬಾಯಿಪಾಠ ಮಾಡಿಕೊಂಡು ಪ್ರತಿ ಸಿಗ್ನಲ್‌ನಲ್ಲಿ ಹೇಳಿಕೊಳ್ಳಿ. ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ಅದು ಮನಸ್ಸಿಗೆ ಇಳಿದಿರುತ್ತದೆ.

ಏನು ಓದುವುದು? ಜನವರಿ ಒಂದನೇ ತಾರೀಖು ಆದಿಕಾಂಡದಿಂದ ಶುರು ಮಾಡಿ ಯಾಜಕಕಾಂಡದ ಹೊತ್ತಿಗೆ ನಿಲ್ಲಿಸಿದವರು ಎಷ್ಟು ಜನ ಅಲ್ವಾ? ನಾನೂ ಎಷ್ಟೋ ವರ್ಷ ಹಾಗೆ ನಿಲ್ಲಿಸಿದ್ದೇನೆ. ಇಡೀ ಸತ್ಯವೇದದಲ್ಲಿ 1,189 ಅಧ್ಯಾಯಗಳಿವೆ. ವರ್ಷದಲ್ಲಿ ಮುಗಿಸಬೇಕೆಂದರೆ ದಿನಕ್ಕೆ ಮೂರಕ್ಕಿಂತ ಜಾಸ್ತಿ ಓದಬೇಕು, ಒಂದು ದಿನ ತಪ್ಪಿದರೆ ಮರುದಿನ ಏಳು. ಹೊಸಬರಿಗೆ ಅದು ಹೊರೆ. ಸತ್ಯವೇದದ ಎರಡನೇ ಭಾಗವಾದ ಹೊಸ ಒಡಂಬಡಿಕೆಯಲ್ಲಿ 260 ಅಧ್ಯಾಯ. ವಾರಕ್ಕೆ ಐದು ದಿನ, ದಿನಕ್ಕೆ ಒಂದು ಅಂತ ಇಟ್ಟುಕೊಂಡರೆ 52 ವಾರಕ್ಕೆ ಸರಿಯಾಗಿ ಮುಗಿಯುತ್ತದೆ. ಎರಡು ದಿನ ಬಿಡುವು, ತಪ್ಪಿದ್ದನ್ನು ಓದಿಕೊಳ್ಳಲು. ಅದೂ ಜಾಸ್ತಿ ಅನಿಸಿದರೆ ಮಾರ್ಕನ ಸುವಾರ್ತೆ ತೆಗೆದುಕೊಳ್ಳಿ, ಹದಿನಾರೇ ಅಧ್ಯಾಯ.

ಫೋನಿಗಿಂತ ಪುಸ್ತಕ ವಾಸಿ ಅನ್ನುವುದು ನನ್ನ ಅನುಭವ. ಫೋನಿನಲ್ಲಿ ಎರಡನೇ ವಚನಕ್ಕೆ ಬರುವಷ್ಟರಲ್ಲಿ ಯಾರದೋ ಮೆಸೇಜು ಮೇಲೆ ಇಳಿಯುತ್ತದೆ. ಎಂ.ಜಿ. ರಸ್ತೆಯ ಬೈಬಲ್ ಸೊಸೈಟಿಯಲ್ಲಿ ಕನ್ನಡ ಸತ್ಯವೇದ ಸಿಗುತ್ತದೆ. ಕಣ್ಣು ಮಂಜಾದ ತಾಯಿ ತಂದೆ ಇದ್ದರೆ ದೊಡ್ಡ ಅಕ್ಷರದ್ದು ಕೇಳಿ ನೋಡಿ.

ಇನ್ನು ಬಹಳ ಮುಖ್ಯವಾದದ್ದು. ಎರಡು ನಿಯಮ ಇಟ್ಟುಕೊಳ್ಳಿ. ಒಳ್ಳೆ ದಿನಕ್ಕೆ ಹದಿನೈದು ನಿಮಿಷ. ಕೆಟ್ಟ ದಿನಕ್ಕೆ, ಅಂದರೆ ಮಗುವಿಗೆ ಜ್ವರ, ಆಫೀಸಿನಲ್ಲಿ ರಾತ್ರಿ ಹನ್ನೊಂದು, ಮನೆಯಲ್ಲಿ ಜಗಳ, ಅಂಥ ದಿನಕ್ಕೆ ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಒಂದು ಸಲ. ನಿಂತುಕೊಂಡು, ನಿಧಾನವಾಗಿ, ಮುಕ್ಕಾಲು ನಿಮಿಷ. ಆದರೆ ಅದನ್ನು ಬಿಡಬೇಡಿ. ಒಳ್ಳೆ ದಿನದ ನಿಯಮ ಮುರಿಯುತ್ತಿರುತ್ತದೆ, ಮುರಿಯಲಿ. ಕೆಟ್ಟ ದಿನದ ನಿಯಮ ಮುರಿಯದಷ್ಟು ಚಿಕ್ಕದಾಗಿರಬೇಕು. ನನ್ನ ತಂದೆ ಐಸಿಯುನಲ್ಲಿದ್ದ ಹನ್ನೊಂದು ದಿನ ನನಗೆ ಇದ್ದದ್ದು ಆ ಮುಕ್ಕಾಲು ನಿಮಿಷ ಮಾತ್ರ.

ಎಂ.ಜಿ. ರಸ್ತೆಯಲ್ಲಿ ಕಿಟೆಲ್ ಅವರ ಪ್ರತಿಮೆ ನೋಡಿದಾಗಲೆಲ್ಲ ನನಗೆ ಈ ಸಣ್ಣ ಕೆಲಸದ ಮಾತು ನೆನಪಾಗುತ್ತದೆ. ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರಾಗಿ ಅವರು ಈ ನಾಡಿಗೆ ಬಂದದ್ದು 1853ರಲ್ಲಿ. ಅವರ ಕನ್ನಡ ಇಂಗ್ಲಿಷ್ ನಿಘಂಟು ಅಚ್ಚಾಗಿ ಬಂದದ್ದು 1894ರಲ್ಲಿ. ಸುಮಾರು 70 ಸಾವಿರ ಶಬ್ದ. ಒಂದೊಂದೇ ಶಬ್ದ ಹುಡುಕಿ ಬರೆದಿಟ್ಟ ಕೆಲಸ ಅದು. ಯಾವ ಒಂದು ದಿನ ನೋಡಿದರೂ ದೊಡ್ಡದೇನೂ ಆಗಿರಲಿಕ್ಕಿಲ್ಲ.

ಪ್ರಾರ್ಥನೆ ಒಣಗಿದಾಗ

ಇದು ಬಂದೇ ಬರುತ್ತದೆ. ಐದು ವರ್ಷಕ್ಕೋ ಹದಿನೈದು ವರ್ಷಕ್ಕೋ, ಒಂದು ದಿನ ಕಣ್ಣು ಮುಚ್ಚಿ ಕೂತರೆ ಒಳಗೆ ಏನೂ ಇರುವುದಿಲ್ಲ. ಹಾಡಿದರೆ ಬಾಯಿ ಮಾತ್ರ ಹಾಡುತ್ತದೆ. ಪಕ್ಕದವರು ಕೈ ಎತ್ತಿ ಸ್ತೋತ್ರ ಹೇಳುತ್ತಿದ್ದರೆ ನಿಮಗೆ ನೀವೇ ಕಳ್ಳರ ಹಾಗೆ ಕಾಣುತ್ತೀರಿ. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ. ಒಣಗುವುದು ಸಾಯುವುದಲ್ಲ.

ಆ ದಿನಗಳಲ್ಲಿ ಸ್ವಂತ ಮಾತು ಹುಡುಕಬೇಡಿ. ಸತ್ಯವೇದದ ಕೀರ್ತನೆಗಳನ್ನು ಸಾಲ ತೆಗೆದುಕೊಳ್ಳಿ. 150 ಇವೆ. ದಿನಕ್ಕೆ ಐದು ಓದಿದರೆ ಒಂದು ತಿಂಗಳು, ಒಂದೊಂದೇ ಓದಿದರೆ ಐದು ತಿಂಗಳು. ಹೀಗೆ ಮಾಡಿ: ಬಾಯಿಬಿಟ್ಟು ಓದಿ, ಪಿಸುಮಾತಾದರೂ ಪರವಾಗಿಲ್ಲ. ನಿಮ್ಮ ಮನಸ್ಸಿಗೆ ತಾಕುವ ಸಾಲು ಬಂದ ಕೂಡಲೇ ನಿಲ್ಲಿಸಿ, ಅದನ್ನೇ ಮೂರು ಸಲ ಹೇಳಿ. ಯಾವುದೂ ತಾಕದಿದ್ದರೆ ಓದಿ ಮುಗಿಸಿ, ಆಮೆನ್ ಹೇಳಿ, ಎದ್ದು ಕಾಫಿ ಮಾಡಿ. ಆ ದಿನದ ಪ್ರಾರ್ಥನೆ ಆಯಿತು.

ದೂರು ಹೇಳುವುದು ಪ್ರಾರ್ಥನೆಯಲ್ಲ ಅಂತ ನಮ್ಮಲ್ಲಿ ಅನೇಕರು ಬೆಳೆದಿದ್ದೇವೆ. ಹದಿಮೂರನೇ ಕೀರ್ತನೆ ತೆಗೆದು ನೋಡಿ, ಎಲ್ಲಿಯವರೆಗೆ, ಎಲ್ಲಿಯವರೆಗೆ ಅಂತ ದೇವರನ್ನೇ ಕೇಳುತ್ತದೆ. ಎಂಬತ್ತೆಂಟನೆಯದಂತೂ ಕತ್ತಲಲ್ಲೇ ಮುಗಿಯುತ್ತದೆ, ಕೊನೆಗೊಂದು ಸಮಾಧಾನದ ಸಾಲು ಕೂಡ ಇಲ್ಲ. ಅದನ್ನೂ ಸತ್ಯವೇದದಿಂದ ಯಾರೂ ತೆಗೆದುಹಾಕಲಿಲ್ಲ. ಯೇಸು ಶಿಲುಬೆಯ ಮೇಲೆ ಕೂಗಿದ್ದು ಇಪ್ಪತ್ತೆರಡನೇ ಕೀರ್ತನೆಯ ಮೊದಲ ಸಾಲು, ದೇವರೇ ಯಾಕೆ ಕೈಬಿಟ್ಟೆ ಅನ್ನುವ ಸಾಲು. ಹಾಗಾದರೆ ಆ ಮಾತು ಹೇಳಲು ನಮಗೂ ಹಕ್ಕಿದೆ.

ಇನ್ನೊಂದು ಮಾತನ್ನು ದಯವಿಟ್ಟು ಪೂರ್ತಿ ಓದಿ. ಒಂದನೇ ಅರಸುಗಳು ಹತ್ತೊಂಬತ್ತನೇ ಅಧ್ಯಾಯದಲ್ಲಿ ಎಲೀಯ ಗಿಡದ ಕೆಳಗೆ ಕೂತು ಸಾಯಬೇಕು ಅನ್ನುತ್ತಾನೆ. ಅಂಥ ದೊಡ್ಡ ಪ್ರವಾದಿ. ದೇವದೂತ ಬಂದು ಬುದ್ಧಿ ಹೇಳಲಿಲ್ಲ, ನಿನ್ನ ನಂಬಿಕೆ ಎಲ್ಲಿ ಅಂತ ಕೇಳಲಿಲ್ಲ. ರೊಟ್ಟಿ ಮತ್ತು ನೀರು ಕೊಟ್ಟ. ಎಲೀಯ ತಿಂದು ಮಲಗಿದ. ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದ. ಆದ್ದರಿಂದ ಒಣಗಿದ ಹಾಗೆ ಅನಿಸಿದಾಗ ಮೊದಲು ದೇಹವನ್ನು ಕೇಳಿ. ನಿದ್ದೆ ಆಗುತ್ತಿದೆಯಾ? ಸರಿಯಾಗಿ ಊಟ ಮಾಡುತ್ತಿದ್ದೀರಾ? ರಕ್ತಹೀನತೆ, ಥೈರಾಯ್ಡ್ ಪರೀಕ್ಷೆ ಮಾಡಿಸಿದ್ದೀರಾ? ಎರಡು ವಾರಕ್ಕಿಂತ ಜಾಸ್ತಿ ದಿನ ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆ ಇಲ್ಲ, ಬದುಕುವುದೇ ಬೇಡ ಅನಿಸುತ್ತಿದೆ ಅಂದರೆ ಅದು ವೈದ್ಯರ ಹತ್ತಿರ ಹೋಗುವ ವಿಷಯ. ನಿಮ್ಹಾನ್ಸ್ ನಮ್ಮ ಊರಲ್ಲೇ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ನಂಬಿಕೆ ಕಮ್ಮಿ ಇರುವುದಕ್ಕೇ ಹೀಗಾಗಿದೆ ಅಂತ ಯಾರಾದರೂ ಹೇಳಿದರೆ ಆ ಮಾತನ್ನು ಒಪ್ಪಬೇಡಿ. ಪೌಲನ ಜೊತೆ ಪ್ರಯಾಣ ಮಾಡಿದ ಲೂಕನೂ ವೈದ್ಯನೇ. ಮಾತ್ರೆಯನ್ನೂ ನುಂಗಿ, ಪ್ರಾರ್ಥನೆಯನ್ನೂ ಮಾಡಿ.

ಭಾನುವಾರ: ಹತ್ತಿರದ ಚರ್ಚು, ಅದೇ ಬೆಂಚು

ಬೆಂಗಳೂರಿನಲ್ಲಿ ಭಾನುವಾರದ ಮೊದಲ ಶತ್ರು ದೂರ. ಚಾಮರಾಜಪೇಟೆಯಲ್ಲಿ ಬೆಳೆದು ಈಗ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇರುವವರಿಗೆ ಹಳೇ ಸಭೆ ಬಿಡಲು ಮನಸ್ಸು ಬರುವುದಿಲ್ಲ. ಅಪ್ಪ ಅಮ್ಮ ಮದುವೆಯಾದದ್ದು ಅಲ್ಲಿ, ನಮಗೆ ದೀಕ್ಷಾಸ್ನಾನ ಆದದ್ದು ಅಲ್ಲಿ. ಅರ್ಥವಾಗುತ್ತದೆ. ಆದರೆ ನನ್ನ ಸಲಹೆ ಇದು: ಅರ್ಧ ಗಂಟೆಯಲ್ಲಿ ತಲುಪುವ ಸಭೆಗೆ ವಾರ ವಾರ ಹೋಗಿ. ಹಳೇ ಸಭೆಗೆ ಸುಗ್ಗಿ ಹಬ್ಬಕ್ಕೂ ಕ್ರಿಸ್ಮಸ್ಸಿಗೂ ಹೋಗಿ, ಸಭೆಯವರು ತಂದ ಕಾಣಿಕೆಗಳ ಹರಾಜಿನಲ್ಲಿ ಒಂದು ಬಾಳೆಗೊನೆ ಕೂಗಿ ಬನ್ನಿ. ಒಂದೂವರೆ ಗಂಟೆ ಪ್ರಯಾಣದ ಪ್ರೀತಿ ಮಳೆಗಾಲದಲ್ಲಿ ಸೋಲುತ್ತದೆ.

ಕನ್ನಡ ಆರಾಧನೆ ಎಲ್ಲಿದೆ ಅಂತ ಕೇಳುವವರು ಜಾಸ್ತಿ. ಕಾರ್ಪೊರೇಷನ್ ಹತ್ತಿರದ ಹಡ್ಸನ್ ಸ್ಮಾರಕ ದೇವಾಲಯ 1904ರದ್ದು, ಅವೆನ್ಯೂ ರಸ್ತೆಯಲ್ಲಿ ರೈಸ್ ಸ್ಮಾರಕ ದೇವಾಲಯ ಇದೆ. ಇವು ಕನ್ನಡ ಸಭೆಗಳು. ಬಡಾವಣೆಗಳಲ್ಲಿ ಒಂದೇ ಕಟ್ಟಡದಲ್ಲಿ ಬೆಳಿಗ್ಗೆ ಒಂದು ಭಾಷೆ, ಆಮೇಲೆ ಇನ್ನೊಂದು ಭಾಷೆ ನಡೆಯುವುದು ಮಾಮೂಲು. ಗೇಟಿನ ಬೋರ್ಡು ನೋಡಿ, ಇಲ್ಲವಾದರೆ ಕಾವಲುಗಾರರನ್ನು ಕೇಳಿ. ಭಾಷೆ ಚಿಕ್ಕ ವಿಷಯವಲ್ಲ. ಇಂಗ್ಲಿಷಿನಲ್ಲಿ ಕೆಲಸ ಮಾಡಿ ಇಂಗ್ಲಿಷಿನಲ್ಲೇ ಯೋಚಿಸುವವರು ಕೂಡ ಅಳು ಬಂದಾಗ ಅಮ್ಮನ ಭಾಷೆಯಲ್ಲೇ ಪ್ರಾರ್ಥನೆ ಮಾಡುತ್ತಾರೆ.

ಭಾನುವಾರ ಕೆಲಸ ಇರುವ ನರ್ಸುಗಳು, ಡ್ರೈವರುಗಳು, ಕಾಲ್ ಸೆಂಟರಿನವರು ತಪ್ಪಿತಸ್ಥರ ಹಾಗೆ ಬದುಕಬೇಕಿಲ್ಲ. ಕಥೋಲಿಕರಿಗೆ ಶನಿವಾರ ಸಂಜೆಯ ಪೂಜೆ ಭಾನುವಾರಕ್ಕೇ ಸಲ್ಲುತ್ತದೆ. ಸಿಎಸ್‌ಐನಲ್ಲಿ ಬೆಳಗಿನ ಜಾವದ ಆರಾಧನೆ ಇದೆಯಾ, ವಾರದ ಮಧ್ಯೆ ಕಾಟೇಜ್ ಪ್ರಾರ್ಥನೆ ಯಾವ ಮನೆಯಲ್ಲಿದೆ ಅಂತ ಅಯ್ಯನವರನ್ನು, ಅಂದರೆ ಸಭೆಯ ಪಾಸ್ಟರನ್ನು, ಕೇಳಿ. ಮೊಬೈಲಿನಲ್ಲಿ ಆರಾಧನೆ ನೋಡುವುದು ಹಾಸಿಗೆ ಹಿಡಿದವರಿಗೆ ದೊಡ್ಡ ವರ. ನಡೆಯಲು ಶಕ್ತಿ ಇರುವವರಿಗೆ ಅದು ಸಾಲದು. ನೀವು ಬರದಿದ್ದರೆ ಮೊಬೈಲು ಗಮನಿಸುವುದಿಲ್ಲ.

ಸೆಪ್ಟೆಂಬರ್ 8ಕ್ಕೆ ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕದ ತೇರಿಗೆ ಬರುವ ಜನಸಾಗರ, ಗುರುವಾರ ವಿವೇಕನಗರದ ಬಾಲ ಯೇಸು ದೇವಾಲಯದ ಮುಂದಿನ ಸಾಲು, ಇವನ್ನು ನೋಡಿದರೆ ಯಾರಿಗಾದರೂ ಮನಸ್ಸು ತುಂಬುತ್ತದೆ. ಆ ಭಕ್ತಿಯನ್ನು ನಾನು ಗೌರವಿಸುತ್ತೇನೆ. ಆದರೆ ಆ ಜನಸಾಗರದಲ್ಲಿ ನಿಮ್ಮ ಹೆಸರು ಯಾರಿಗೂ ಗೊತ್ತಾಗುವುದಿಲ್ಲ. ಹೆಸರು ಹಿಡಿದು ಕರೆಯುವ ಜಾಗವೂ ಒಂದು ಬೇಕು.

ಹೆಸರು ಗೊತ್ತಾಗಲು ಸುಲಭ ದಾರಿ ಇದೆ. ಮೂರು ತಿಂಗಳು ಅದೇ ಬೆಂಚಿನಲ್ಲಿ ಕೂತುಕೊಳ್ಳಿ. ಆಮೇಲೆ ಒಂದು ಕೆಲಸ ಕೇಳಿ ತೆಗೆದುಕೊಳ್ಳಿ: ಚಾಪೆ ಮಡಿಸುವುದು, ಹಾಡಿನ ಪುಸ್ತಕ ಹಂಚುವುದು, ಸಂಡೇ ಸ್ಕೂಲಿನ ಮಕ್ಕಳಿಗೆ ಬಣ್ಣದ ಪೆನ್ಸಿಲ್ ಕೊಡುವುದು. ಮನಸ್ಸಿಲ್ಲದ ಭಾನುವಾರ ನಿಮ್ಮನ್ನು ಮನೆಯಿಂದ ಹೊರಡಿಸುವುದು ಆ ಪೆನ್ಸಿಲ್ ಡಬ್ಬಿಯೇ.

ಇಬ್ಬರನ್ನು ಹುಡುಕಿ

ವಿಮೋಚನಕಾಂಡ ಹದಿನೇಳರಲ್ಲಿ ಅಮಾಲೇಕ್ಯರ ಮೇಲಿನ ಯುದ್ಧದ ದಿನ, ಗೆಲುವಿಗಾಗಿ ಮೇಲೆತ್ತಿ ಹಿಡಿದಿದ್ದ ಮೋಶೆಯ ಕೈ ಸೋಲುತ್ತದೆ. ಅವನಿಗೆ ಕೂರಲು ಒಂದು ಕಲ್ಲು ಇಟ್ಟು, ಆರೋನ ಒಂದು ಕಡೆ, ಹೂರ ಒಂದು ಕಡೆ ಕೈ ಹಿಡಿದುಕೊಳ್ಳುತ್ತಾರೆ, ಹೊತ್ತು ಮುಳುಗುವವರೆಗೂ. ಮೋಶೆಗೇ ಇಬ್ಬರು ಬೇಕಾದರು.

ಗಂಡಸರು ಗಂಡಸರನ್ನು, ಹೆಂಗಸರು ಹೆಂಗಸರನ್ನು ಹುಡುಕಿಕೊಳ್ಳಿ. ಹತ್ತಿರದ ಸಂಬಂಧಿಕರು ಬೇಡ, ಅಲ್ಲಿ ಮುಚ್ಚಿಡುವುದು ಜಾಸ್ತಿ. ಹದಿನೈದು ದಿನಕ್ಕೊಮ್ಮೆ ಮುಕ್ಕಾಲು ಗಂಟೆ. ನಾವು ಮೂವರು ಹೆಂಗಸರು ಶನಿವಾರ ಬೆಳಿಗ್ಗೆ ಒಂದು ದರ್ಶಿನಿಯಲ್ಲಿ ಕಾಫಿ ಕುಡಿದು ಪಕ್ಕದ ಪಾರ್ಕಿನಲ್ಲಿ ಕೂರುತ್ತೇವೆ, ಒಂಬತ್ತು ವರ್ಷ ಆಯಿತು. ಮೂರೇ ಪ್ರಶ್ನೆ: ಏನು ಓದಿದೆ? ಎಲ್ಲಿ ಬಿದ್ದೆ? ಏನು ಪ್ರಾರ್ಥಿಸಲಿ? ಪ್ರಸಂಗ ಮಾಡುವ ಹಾಗಿಲ್ಲ. ಕೇಳಿದ್ದು ಗಂಡನಿಗೂ ಹೇಳುವ ಹಾಗಿಲ್ಲ. ಒಬ್ಬರಿಗೊಬ್ಬರು ದುಡ್ಡು ಸಾಲ ಕೊಡುವ ಹಾಗಿಲ್ಲ. ಈ ಕೊನೆಯದನ್ನು ನಾವು ಕಷ್ಟಪಟ್ಟು ಕಲಿತೆವು.

ಬೆಳಿಗ್ಗೆ ವಾಟ್ಸಾಪಿನಲ್ಲಿ ಹೂವಿನ ಚಿತ್ರದ ಮೇಲೆ ವಚನ ಬರುತ್ತದಲ್ಲ, ಅದು ಇದರ ಜಾಗ ತುಂಬುವುದಿಲ್ಲ. ಎಲ್ಲಿ ಬಿದ್ದೆ ಅಂತ ಹೂವಿನ ಚಿತ್ರ ಕೇಳುವುದಿಲ್ಲ.

ಸಭೆಯೇ ನೋವು ಕೊಟ್ಟಾಗ

ಹೊರಗಿನ ವಿರೋಧಕ್ಕಿಂತ ಒಳಗಿನ ಜಗಳಕ್ಕೆ ಸಭೆ ಬಿಟ್ಟವರು ಜಾಸ್ತಿ ಅನ್ನುವುದು ನಾನು ಕಣ್ಣಾರೆ ಕಂಡದ್ದು. ಕಮಿಟಿ ಚುನಾವಣೆ, ಆಸ್ತಿ ಕೇಸು, ಜಾತಿ, ಊರ ಹೆಸರಿನ ಗುಂಪು. ಇವನ್ನು ಇಲ್ಲ ಅನ್ನುವುದರಲ್ಲಿ ಅರ್ಥವಿಲ್ಲ.

ನನ್ನದನ್ನು ಹೇಳುತ್ತೇನೆ. ತಂದೆ ತೀರಿಕೊಂಡಾಗ ಸಮಾಧಿಯ ವಿಷಯದಲ್ಲಿ ಒಬ್ಬ ಹಿರಿಯರು, ನಿಮ್ಮ ತಂದೆಯ ಚಂದಾ ಬಾಕಿ ಇದೆ, ಮೊದಲು ಕಟ್ಟಿ, ಅಂದರು. ಹೆಣ ಮನೆಯಲ್ಲಿತ್ತು. ಕಟ್ಟಿದೆವು. ಅಂತ್ಯಕ್ರಿಯೆ ಆಯಿತು. ಮುಂದಿನ ಭಾನುವಾರ ನಾನು ಹೋಗಲಿಲ್ಲ. ಎರಡು ವರ್ಷ ಹೋಗಲಿಲ್ಲ. ಆ ಎರಡು ವರ್ಷ ನಾನು ದೇವರ ಮೇಲೆ ಸಿಟ್ಟಾಗಿದ್ದೆ ಅಂದುಕೊಂಡಿದ್ದೆ. ನಿಜಕ್ಕೂ ಸಿಟ್ಟು ಇದ್ದದ್ದು ಒಬ್ಬ ಮನುಷ್ಯನ ಮೇಲೆ, ಶಿಕ್ಷೆ ಕೊಟ್ಟದ್ದು ನನಗೆ ನಾನೇ. ನಮ್ಮಮ್ಮ ಮಾತ್ರ ಪ್ರತಿ ವಾರ ಒಬ್ಬರೇ ಹೋಗುತ್ತಿದ್ದರು. ಒಂದು ದಿನವೂ ನನ್ನನ್ನು ಒತ್ತಾಯ ಮಾಡಲಿಲ್ಲ. ಮನೆಗೆ ಬಂದು ಆ ದಿನದ ಹಾಡನ್ನು ಅಡುಗೆ ಮಾಡುತ್ತಾ ಗುನುಗುತ್ತಿದ್ದರು. ಅಷ್ಟೇ ಅವರು ಮಾಡಿದ್ದು. ಒಂದು ಭಾನುವಾರ ಆ ಹಾಡಿನ ಎರಡನೇ ಚರಣ ಅವರಿಗೆ ನೆನಪಾಗಲಿಲ್ಲ. ನಾನು ಹೇಳಿಕೊಟ್ಟೆ. ಮುಂದಿನ ವಾರ ಜೊತೆಗೆ ಹೋದೆ.

ನಿಮಗೆ ಇಂಥದ್ದು ಆದರೆ ಮಾಡಬೇಕಾದದ್ದು ಹೀಗೆ. ಒಂದು ವಾರ ಯಾವ ತೀರ್ಮಾನವನ್ನೂ ಮಾಡಬೇಡಿ. ನೋವು ಕೊಟ್ಟವರನ್ನು ಮೊದಲು ಒಬ್ಬರೇ ಹೋಗಿ ಕಾಣಿ, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಿ. ಮತ್ತಾಯ ಹದಿನೆಂಟರಲ್ಲಿ ಯೇಸು ಹೇಳಿದ ಕ್ರಮ ಇದೇ. ಆಗಲೂ ಸರಿಹೋಗದಿದ್ದರೆ ಸಭೆ ಬದಲಾಯಿಸಿ, ತಪ್ಪಲ್ಲ. ಆದರೆ ಬಿಡುವ ಮುಂಚೆ ಮುಂದಿನ ಭಾನುವಾರ ಎಲ್ಲಿ ಅಂತ ಗೊತ್ತಿರಲಿ. ನಡುವಿನ ಖಾಲಿ ಭಾನುವಾರಗಳೇ ಅಪಾಯ. ಮತ್ತೆ, ಮೈ ಮುಟ್ಟುವುದು, ಬೆದರಿಸುವುದು, ಹಣ ನುಂಗುವುದು ಆಗಿದ್ದರೆ ಒಬ್ಬರೇ ಹೋಗಿ ಕಾಣುವ ಮಾತು ಅಲ್ಲಿಗೆ ಅನ್ವಯಿಸುವುದಿಲ್ಲ. ನಂಬಿಕಸ್ಥರಿಗೆ ಹೇಳಿ, ಪೊಲೀಸರಿಗೆ ದೂರು ಕೊಡಿ. ಅದನ್ನು ಮುಚ್ಚಿಡುವುದು ಕ್ಷಮೆಯಲ್ಲ.

ಅನುಮಾನ ಬಂದರೆ

ಯೇಸು ಸಾವಿನಿಂದ ಎದ್ದದ್ದನ್ನು ಕಣ್ಣಾರೆ ನೋಡದೆ ನಂಬುವುದಿಲ್ಲ ಅಂದ ಶಿಷ್ಯ ತೋಮನನ್ನು ಅನುಮಾನದವನು ಅಂತ ಬೈಯುತ್ತೇವೆ. ಆದರೆ ಯೋಹಾನನ ಸುವಾರ್ತೆಯಲ್ಲಿ ನೋಡಿ, ಅನುಮಾನ ಇಟ್ಟುಕೊಂಡೇ ಅವನು ಆ ಎಂಟು ದಿನ ಉಳಿದ ಶಿಷ್ಯರ ಜೊತೆ ಇದ್ದ. ಅದಕ್ಕೇ ಯೇಸು ಮತ್ತೆ ಬಂದಾಗ ಅವನೂ ಅಲ್ಲಿದ್ದ. ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆದುಕೊಳ್ಳಿ. ಬರೆದರೆ ಅರ್ಧ ಭಯ ಹೋಗುತ್ತದೆ. ಅಯ್ಯನವರಿಗೆ ಫೋನ್ ಮಾಡಿ, ಆರಾಧನೆ ಮುಗಿದ ಗಡಿಬಿಡಿಯಲ್ಲಿ ಬೇಡ, ವಾರದ ದಿನ ಸಮಯ ಕೇಳಿ. ನಿಮ್ಮ ಪ್ರಶ್ನೆ ಕೇಳಿ ಸಿಟ್ಟಾಗುವವರಾದರೆ ಇನ್ನೊಬ್ಬರನ್ನು ಹುಡುಕಿ. ಮಿಲ್ಲರ್ಸ್ ರಸ್ತೆಯಲ್ಲಿ 1910ರಲ್ಲಿ ಶುರುವಾದ ಯುನೈಟೆಡ್ ಥಿಯೋಲಾಜಿಕಲ್ ಕಾಲೇಜ್ ಇದೆ. ಅಂಥ ಕಡೆ ಓದಿ ಬಂದ ಅಯ್ಯನವರು ನಮ್ಮ ಸಭೆಗಳಲ್ಲಿ ಇದ್ದಾರೆ. ನಿಮ್ಮ ಪ್ರಶ್ನೆ ಅವರಿಗೆ ಹೊಸದಾಗಿರಲಿಕ್ಕಿಲ್ಲ.

ಮನೆಯಲ್ಲಿ ಮಕ್ಕಳಿದ್ದರೆ

ನಮ್ಮ ಮಕ್ಕಳು ಇಂಗ್ಲಿಷ್ ಮೀಡಿಯಂ. ಕನ್ನಡ ಮಾತಾಡುತ್ತಾರೆ, ಓದಲು ತಡವರಿಸುತ್ತಾರೆ. ಸತ್ಯವೇದದ ಕನ್ನಡ ಅವರಿಗೆ ಇನ್ನೂ ದೂರ. ಅಜ್ಜಿಯ ಪ್ರಾರ್ಥನೆ ಮೊಮ್ಮಗಳಿಗೆ ಅರ್ಧ ಅರ್ಥವಾಗುತ್ತದೆ. ಇದು ನನ್ನನ್ನು ತುಂಬಾ ಕಾಡುವ ವಿಷಯ. ನಾವು ಮನೆಯಲ್ಲಿ ಕಂಡುಕೊಂಡ ದಾರಿ: ರಾತ್ರಿ ಊಟದ ಮೇಲೆ ಹತ್ತೇ ನಿಮಿಷ. ಹಿರಿಯರು ಕನ್ನಡದಲ್ಲಿ ಓದುತ್ತಾರೆ, ಮಗು ಅದೇ ಭಾಗವನ್ನು ಇಂಗ್ಲಿಷಿನಲ್ಲಿ ಓದುತ್ತದೆ, ಆಮೇಲೆ ಅರ್ಥವಾಗದ ಒಂದು ಕನ್ನಡ ಪದ ಕೇಳುತ್ತದೆ. ಕೃಪೆ ಅಂದರೆ ಏನು ಅಂತ ಹತ್ತು ವರ್ಷದ ಮಗುವಿಗೆ ಹೇಳಲು ಕೂತಾಗ ನನಗೇ ಎಷ್ಟು ಗೊತ್ತಿಲ್ಲ ಅಂತ ತಿಳಿಯಿತು. ಉದ್ದ ಪ್ರಾರ್ಥನೆ ಬೇಡ. ಮಕ್ಕಳಿಗೆ ನೆನಪಿರುವುದು ಅಪ್ಪ ಅಮ್ಮ ಒಬ್ಬರಿಗೊಬ್ಬರು ತಪ್ಪಾಯಿತು ಅಂತ ಹೇಳಿದ ರಾತ್ರಿ.

ಹಬ್ಬಗಳನ್ನೂ ಬಿಡಬೇಡಿ. ಈಸ್ಟರಿಗೆ ಮುಂಚಿನ ಉಪವಾಸ ಕಾಲವಾದ ಲೆಂಟ್‌ನ ನಲವತ್ತು ದಿನ, ಭಾನುವಾರ ಬಿಟ್ಟು ಲೆಕ್ಕ, ಮನೆಮಂದಿ ಒಂದು ಖರ್ಚು ಬಿಟ್ಟು ಆ ದುಡ್ಡನ್ನು ಒಂದು ಡಬ್ಬಿಗೆ ಹಾಕಿ ಕಷ್ಟದಲ್ಲಿರುವ ಒಬ್ಬರಿಗೆ ಕೊಡಿ. ಕ್ರಿಸ್ಮಸ್ಸಿಗೆ ಸಾಲ ಮಾಡಿ ಬಟ್ಟೆ ತರಬೇಡಿ. ಜನವರಿಯಲ್ಲಿ ಆ ಸಾಲ ಚರ್ಚಿನ ಹೆಸರು ಕೇಳಿದರೆ ಸಿಟ್ಟು ಬರುವ ಹಾಗೆ ಮಾಡುತ್ತದೆ. ತೀರಿಕೊಂಡವರನ್ನು ನೆನೆಯುವ ನವೆಂಬರ್ 2ಕ್ಕೆ ಮಕ್ಕಳನ್ನು ಹೊಸೂರು ರಸ್ತೆಯ ಸ್ಮಶಾನಕ್ಕೋ ನಿಮ್ಮವರು ಮಲಗಿರುವ ಕಡೆಗೋ ಕರೆದುಕೊಂಡು ಹೋಗಿ. ಕಳೆ ಕಿತ್ತು, ಕಲ್ಲು ತೊಳೆದು, ಸೇವಂತಿಗೆ ಇಟ್ಟು, ಇವರು ಕೊನೆವರೆಗೂ ನಂಬಿದ್ದರು ಅಂತ ಹೆಸರು ತೋರಿಸಿ ಹೇಳಿ.

ಬಿಟ್ಟು ಹೋದವರು ಮರಳುವಾಗ

ಯೋಹಾನನೆನಿಸಿಕೊಂಡ ಮಾರ್ಕ ಸುವಾರ್ತೆ ಸಾರುವ ಪ್ರಯಾಣದ ಅರ್ಧ ದಾರಿಯಲ್ಲಿ ಪೌಲ, ಬಾರ್ನಬರನ್ನು ಬಿಟ್ಟು ಯೆರೂಸಲೇಮಿಗೆ ಹೊರಟುಹೋದ. ಮುಂದಿನ ಪ್ರಯಾಣಕ್ಕೆ ಪೌಲ ಅವನನ್ನು ಬೇಡವೇ ಬೇಡ ಅಂದ. ಅದೇ ವಿಷಯಕ್ಕೆ ಬಾರ್ನಬನ ಜೊತೆ ಜಗಳವಾಗಿ ಇಬ್ಬರೂ ಬೇರೆಯಾದರು. ಅಪೊಸ್ತಲರ ಕೃತ್ಯಗಳಲ್ಲಿ ಇದೆಲ್ಲ ಇದ್ದ ಹಾಗೇ ಬರೆದಿದೆ. ಆದರೆ ತಿಮೊಥೆಯನಿಗೆ ಬರೆದ ಎರಡನೇ ಪತ್ರದ ಕೊನೆಯಲ್ಲಿ ಪೌಲ, ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯೋಗವಾಗಿದ್ದಾನೆ, ಅನ್ನುತ್ತಾನೆ. ಪೌಲ ಬೇಡ ಅಂದಾಗ ಬಾರ್ನಬ ಅವನನ್ನು ಬಿಟ್ಟಿರಲಿಲ್ಲ, ತನ್ನ ಜೊತೆ ಕರೆದುಕೊಂಡು ಹೋಗಿದ್ದ.

ನೀವು ಮರಳುವವರಾದರೆ ಕ್ರಿಸ್ಮಸ್ ತನಕ ಕಾಯಬೇಡಿ. ಜನ ಜಾಸ್ತಿ, ಯಾರ ಜೊತೆಗೂ ಮಾತಾಡಲು ಆಗುವುದಿಲ್ಲ. ಸಾಮಾನ್ಯ ಭಾನುವಾರ ಹೋಗಿ. ಹತ್ತು ನಿಮಿಷ ಮುಂಚೆ ಹೋಗಿ, ಹಿಂದಿನ ಬೆಂಚಾದರೂ ಪರವಾಗಿಲ್ಲ. ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನಕ್ಕೆ ಹೋಗಬಹುದಾ ಬೇಡವಾ ಅಂತ ಗೊಂದಲ ಇದ್ದರೆ ಹಿಂದಿನ ದಿನ ಅಯ್ಯನವರಿಗೆ ಫೋನ್ ಮಾಡಿ ಕೇಳಿ. ಗೇಟಿನಲ್ಲಿ ಯಾರಾದರೂ, ಏನಮ್ಮಾ, ಎಲ್ಲಿ ಹೋಗಿದ್ರಿ ಇಷ್ಟು ದಿನ, ಅಂತ ಕೇಳೇ ಕೇಳುತ್ತಾರೆ. ಉತ್ತರ ಮೊದಲೇ ರೆಡಿ ಇಟ್ಟುಕೊಳ್ಳಿ. ಈಗ ಬಂದಿದ್ದೀನಲ್ಲ ಆಂಟಿ, ಅಂದರೆ ಸಾಕು. ವಿವರಣೆ ಕೊಡಬೇಕಾಗಿಲ್ಲ.

ನೀವು ಬೆಂಚಿನಲ್ಲಿ ಮೊದಲೇ ಕೂತವರಾದರೆ ಆ ಪ್ರಶ್ನೆ ಕೇಳಬೇಡಿ. ನಾನು ಮರಳಿದ ದಿನ ಒಬ್ಬ ಅಜ್ಜಿ ನನ್ನನ್ನು ನೋಡಿ ಏನೂ ಕೇಳಲಿಲ್ಲ. ಕೈಚೀಲ ತೊಡೆಯ ಮೇಲೆ ಎತ್ತಿಕೊಂಡು ಗೋಡೆ ಕಡೆಗೆ ಸರಿದರು. ಹಾಡಿನ ಪುಸ್ತಕ ತೆರೆದು, ನಂಬರು ಹುಡುಕಿ, ಇಬ್ಬರಿಗೂ ಕಾಣುವ ಹಾಗೆ ಮಧ್ಯದಲ್ಲಿ ಹಿಡಿದರು.